ಸೀಸ, ಅಚ್ಚು, ನಳಿಗೆ

ಕನ್ನಡ ಶಾಸನಗಳು ಎಡೆದೊರೆ ಎಂದು ಕರೆದಿರುವ, ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ನೆಲದ ಪೂರ್ವಭಾಗದಲ್ಲಿ ಗದ್ವಾಲ ಇದೆ. ಕೃಷ್ಣೆಯ ಉತ್ತರ ದಂಡೆಯಾಚೆ ಮಕ್ತಲ್, ಅದರಿಂದ ಇನ್ನಷ್ಟು ಉತ್ತರಕ್ಕೆ ನಾರಾಯಣಪೇಟೆ ಇವೆ. ಇಂದು ತೆಲಂಗಾಣಕ್ಕೆ ಸೇರಿರುವ ಈ ಸೀಮೆಯಲ್ಲಿ ಕನ್ನಡ, ತೆಲುಗು ಎರಡನ್ನೂ ಆಡುವ ಮನೆಗಳು ಹೇರಳವಾಗಿದ್ದು, ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯಾಗುವವರೆಗೆ ರಾಯಚೂರು ಜಿಲ್ಲೆಯ ಭಾಗವಾಗಿಯೇ ಇದ್ದವು. ಬಹಮನಿಗಳು, ವಿಜಯನಗರದ ಅರಸರು, ಬಿಜಾಪುರದ ಆದಿಲಶಾಹಿಗಳು ಈ ನೆಲಕ್ಕಾಗಿ ಮತ್ತೆ ಮತ್ತೆ ಕಾದಾಡಿದ್ದರಿಂದ, ದಖ್ಖನಿನಲ್ಲಿ ಮದ್ದಿನ ಆಯುಧಗಳು ಬಹಳ ಬೇಗನೆ ಪರೀಕ್ಷೆಗೆ ಒಳಗಾದ ಪ್ರದೇಶಗಳಲ್ಲಿ ಇದೂ ಒಂದಾಯಿತು. ಆ ಶತಮಾನಗಳಲ್ಲಿ ಬಂದೂಕಿನ ರೂಪ ಹಲವು ಬಾರಿ ಬದಲಾದರೂ ಅದರ ಗುಂಡಿನ ಲೋಹ ಮಾತ್ರ ಬದಲಾಗಲಿಲ್ಲ. ಸೀಸವೇ ಏಕೆ ಎಂಬ ಪ್ರಶ್ನೆಗೆ ಉತ್ತರ ಆ ಲೋಹದ ಭೌತಗುಣಗಳಲ್ಲಿದೆ. ಗುಂಡನ್ನು ಯಾರು ಮಾಡಬಲ್ಲರು, ಯಾರು ಮಾಡಕೂಡದು ಎಂಬ ರಾಜ್ಯಾಡಳಿತದ ಪ್ರಶ್ನೆಯನ್ನೂ ಕೊನೆಗೆ ಅದೇ ಗುಣಗಳು ಹುಟ್ಟಿಸಿದವು.

1520ರಲ್ಲಿ ಕೃಷ್ಣದೇವರಾಯ ರಾಯಚೂರಿನ ಕೋಟೆಗೆ ಮುತ್ತಿಗೆ ಹಾಕಿದಾಗ, ಅವನನ್ನು ತಡೆಯಲು ಇಸ್ಮಾಯಿಲ್ ಆದಿಲಶಾಹನ ಸೈನ್ಯ ಉತ್ತರದಿಂದ ಬಂದು ಕೃಷ್ಣೆಯನ್ನು ದಾಟಿತು. ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ ಬರೆದಿಟ್ಟ ವೃತ್ತಾಂತದ ಪ್ರಕಾರ, ಆದಿಲಶಾಹನ ಫಿರಂಗಿಗಳು ಒಮ್ಮೆಗೇ ಸಿಡಿದು ವಿಜಯನಗರದ ಮುಂಚೂಣಿಯನ್ನು ಚೆದುರಿಸಿದರೂ ಕಾಳಗ ಕೊನೆಗೆ ರಾಯನ ಪಾಲಾಯಿತು. ಆ ಬಳಿಕ ಕೋಟೆಯನ್ನು ಹಿಡಿಯುವಾಗ ಕ್ರಿಸ್ಟೊವಾವ್ ದೆ ಫಿಗೇರೆದೊ ಎಂಬವನ ಜೊತೆಗಿದ್ದ ಕೆಲವೇ ಪೋರ್ಚುಗೀಸ್ ಬಂದೂಕುಗಾರರು ಗೋಡೆಯ ಮೇಲೆ ತಲೆಯೆತ್ತಿದವರನ್ನು ಗುರಿಯಿಟ್ಟು ಹೊಡೆದು, ಕೆಳಗಿನವರು ಗೋಡೆಯ ಕಲ್ಲು ಕೀಳಲು ದಾರಿಮಾಡಿಕೊಟ್ಟರು. ದೊಡ್ಡ ಫಿರಂಗಿಗೆ ಕಲ್ಲಿನ ಗುಂಡೂ ಆಗುತ್ತಿತ್ತು, ಕಬ್ಬಿಣದ ಗುಂಡೂ ಆಗುತ್ತಿತ್ತು. ಒಬ್ಬ ಮನುಷ್ಯನನ್ನು ಗುರಿಯಿಡುವ ಕೈಬಂದೂಕಿಗೆ ಮಾತ್ರ ಸೀಸಕ್ಕೆ ಸಮನಾದದ್ದು ಬೇರೊಂದು ಇರಲಿಲ್ಲ.

ಇದಕ್ಕೆ ಮೊದಲ ಕಾರಣ ಸಾಂದ್ರತೆ, ಅಂದರೆ ನಿರ್ದಿಷ್ಟ ಗಾತ್ರದಲ್ಲಿ ಅಡಗಿರುವ ದ್ರವ್ಯರಾಶಿ. ಒಂದು ಘನ ಸೆಂಟಿಮೀಟರ್ ಸೀಸ 11.34 ಗ್ರಾಂ ತೂಗಿದರೆ, ಅಷ್ಟೇ ಗಾತ್ರದ ಕಬ್ಬಿಣ 7.87 ಗ್ರಾಂ, ರಾಯಚೂರು ಗುಡ್ಡಗಳ ಕಣಶಿಲೆಯಂಥ ಕಲ್ಲು ಸುಮಾರು 2.7 ಗ್ರಾಂ ತೂಗುತ್ತವೆ. ಒಂದೇ ವ್ಯಾಸದ ಮೂರು ಗುಂಡುಗಳು ಒಂದೇ ವೇಗದಲ್ಲಿ ಹೊರಟರೆ ಗಾಳಿ ಅವುಗಳಿಗೆ ಒಡ್ಡುವ ತಡೆಯ ಬಲ ಒಂದೇ ಆಗಿರುತ್ತದೆ. ಆದರೆ ಆ ಬಲದಿಂದ ವೇಗ ಎಷ್ಟು ಕುಂದುತ್ತದೆ ಎಂಬುದು ಗುಂಡಿನ ದ್ರವ್ಯರಾಶಿಯನ್ನು ಅವಲಂಬಿಸಿದೆ. ಹೀಗಾಗಿ ಕಲ್ಲಿನ ಗುಂಡು ಸೀಸದ ಗುಂಡಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಬೇಗ ತನ್ನ ವೇಗವನ್ನು ಕಳೆದುಕೊಳ್ಳುತ್ತದೆ. ಗುಂಡು ಚಿಕ್ಕದಾದಷ್ಟೂ ಈ ನಷ್ಟ ತೀವ್ರವಾಗುವುದರಿಂದ, ಕೈಯಲ್ಲಿ ಹಿಡಿಯುವ ಆಯುಧಕ್ಕೆ ಭಾರವಾದ ಲೋಹ ಅನಿವಾರ್ಯ.

ಎರಡನೆಯ ಕಾರಣ ಇನ್ನೂ ಮುಖ್ಯವಾದುದು. ಸೀಸ ಕರಗುವುದು 327.5 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಬ್ಬಿಣಕ್ಕೆ 1,538 ಡಿಗ್ರಿ ಬೇಕು. ಕರಗುವ ಬಿಂದು ತಗ್ಗಿನಲ್ಲಿರುವುದಷ್ಟೇ ಅಲ್ಲದೆ, ಸೀಸದ ಉಷ್ಣಧಾರಣೆಯೂ ಬಹಳ ಕಡಿಮೆ; ಒಂದು ಕಿಲೋಗ್ರಾಂ ಸೀಸವನ್ನು 30 ಡಿಗ್ರಿಯಿಂದ ಕರಗುವ ಬಿಂದುವಿಗೇರಿಸಲು ಸುಮಾರು 38 ಕಿಲೋಜೂಲ್, ಅಲ್ಲಿ ಅದನ್ನು ದ್ರವವಾಗಿಸಲು ಇನ್ನೊಂದು 23 ಕಿಲೋಜೂಲ್, ಒಟ್ಟು 61 ಕಿಲೋಜೂಲ್ ಶಾಖ ಸಾಕು. ಒಂದು ಲೀಟರ್ ನೀರನ್ನು ಅದೇ 30 ಡಿಗ್ರಿಯಿಂದ ಕುದಿಸಲು ಬೇಕಾಗುವುದು ಸುಮಾರು 290 ಕಿಲೋಜೂಲ್. ಅಂದರೆ ಅಡುಗೆಯ ಒಲೆ ಒಂದು ಚೊಂಬು ನೀರು ಕುದಿಸಲು ವ್ಯಯಿಸುವ ಶಾಖದ ಐದನೆಯ ಒಂದು ಪಾಲಿನಲ್ಲಿ ಒಂದು ಕಿಲೋ ಸೀಸ ಕರಗಿ ನಿಲ್ಲುತ್ತದೆ. ಕಬ್ಬಿಣದ ನಳಿಗೆ ಮಾಡಲು ಕುಲುಮೆ, ತಿದಿ, ಪಳಗಿದ ಕಮ್ಮಾರ ಬೇಕು. ಮದ್ದಿಗೆ ಪೆಟ್ಲುಪ್ಪು, ಗಂಧಕ, ಇದ್ದಿಲುಗಳನ್ನು ಒದಗಿಸಿ ಹದಗೊಳಿಸುವ ಜಾಣ್ಮೆ ಬೇಕು. ಗುಂಡಿಗಾದರೋ ಒಂದು ಸೌಟು, ಒಂದು ಅಚ್ಚು ಇದ್ದರೆ ಆಯಿತು. 1705ರಲ್ಲಿ ಔರಂಗಜೇಬ ತಾನೇ ಮುಂದೆ ನಿಂತು ಮುತ್ತಿದ ವಾಗಣಗೇರಿಯಲ್ಲಿ ಬೇಡ ನಾಯಕರು ಮೊಗಲ್ ಸೈನ್ಯವನ್ನು ತಿಂಗಳುಗಟ್ಟಲೆ ತಡೆದು ನಿಲ್ಲಿಸಿದ್ದರ ಹಿಂದೆ ಅವರ ಹೆಸರುವಾಸಿ ಗುರಿಕಾರಿಕೆ ಇತ್ತು. ಆ ಗುರಿಕಾರಿಕೆಗೆ ಬೇಕಾದ ಗುಂಡುಗಳನ್ನು ಹಳ್ಳಿಯಲ್ಲೇ ಎರೆದುಕೊಳ್ಳಲು ಸಾಧ್ಯವಾಗಿಸಿದ್ದು ಸೀಸದ ಈ ಗುಣ.

ಬಂದೂಕಿನ ನಳಿಗೆಯ ಅಳತೆಯನ್ನೂ ಸೀಸದ ತೂಕದಿಂದಲೇ ಹೇಳುವ ಪದ್ಧತಿ ಬ್ರಿಟನ್ನಿನಲ್ಲಿ ಬೆಳೆಯಿತು. ಒಂದು ಪೌಂಡ್ ಸೀಸದಿಂದ ನಳಿಗೆಯ ಬಾಯಿಗೆ ಸರಿಹೊಂದುವ ಎಷ್ಟು ದುಂಡನೆಯ ಗುಂಡುಗಳನ್ನು ಎರೆಯಬಹುದೋ ಅದೇ ನಳಿಗೆಯ 'ಬೋರ್' ಸಂಖ್ಯೆ. ಹಾಗಾಗಿ ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಸಣ್ಣದು. ಹತ್ತೊಂಬತ್ತನೆಯ ಶತಮಾನದ ನಡುವಿನ ಬ್ರಿಟಿಷ್ ರಿವಾಲ್ವರುಗಳಲ್ಲಿ ಸಾಮಾನ್ಯವಾಗಿದ್ದ 54 ಬೋರನ್ನು ತೆಗೆದುಕೊಂಡರೆ, 453.6 ಗ್ರಾಮಿನ ಒಂದು ಪೌಂಡನ್ನು 54ರಿಂದ ಭಾಗಿಸಿದಾಗ ಒಂದು ಗುಂಡಿನ ತೂಕ 8.4 ಗ್ರಾಂ ಎಂದು ಸಿಗುತ್ತದೆ. ಅದನ್ನು ಸಾಂದ್ರತೆ 11.34ರಿಂದ ಭಾಗಿಸಿದರೆ ಗಾತ್ರ 0.74 ಘನ ಸೆಂಟಿಮೀಟರ್. ಅಷ್ಟು ಗಾತ್ರದ ಗೋಳದ ವ್ಯಾಸ ಲೆಕ್ಕ ಹಾಕಿದರೆ 11.2 ಮಿಲಿಮೀಟರ್, ಅಂದರೆ ಇಂಚಿನ ಸಾವಿರದಲ್ಲಿ 442 ಪಾಲು. ಹಳೆಯ ಪಟ್ಟಿಗಳಲ್ಲಿ 54 ಬೋರಿನ ಎದುರು ಬರೆದಿರುವುದೂ ಇದೇ ಅಂಕೆ. ತಕ್ಕಡಿಯೊಂದಿದ್ದರೆ ಸಾಕು, ಸೂಕ್ಷ್ಮಮಾಪಕವಿಲ್ಲದೆಯೂ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ನಿಖರವಾಗಿ ವ್ಯಾಸವನ್ನು ಗೊತ್ತುಮಾಡುವ ಈ ವಿಧಾನ, ಅಳತೆಯ ಚರಿತ್ರೆಯಲ್ಲಿ ಮೆಚ್ಚತಕ್ಕ ಉಪಾಯಗಳಲ್ಲೊಂದು.

ಮೂರನೆಯ ಗುಣ ಮೆದುತನ. ಆರಂಭದ ಬಂದೂಕುಗಳ ನಳಿಗೆ ಒಳಗೆ ನುಣುಪಾಗಿದ್ದು, ಗುಂಡು ಅದಕ್ಕಿಂತ ಸ್ವಲ್ಪ ಸಣ್ಣದಿರುತ್ತಿತ್ತು. ಸಿಡಿದಾಗ ಅದು ನಳಿಗೆಯ ಗೋಡೆಗಳಿಗೆ ಅತ್ತಿತ್ತ ಬಡಿಯುತ್ತ ಹೊರಬಿದ್ದು ಎತ್ತಲೋ ಹೋಗುತ್ತಿತ್ತು. ನಳಿಗೆಯೊಳಗೆ ಸುರುಳಿಯಾಕಾರದ ಗೀರುಗಳನ್ನು ಕೊರೆದರೆ ಗುಂಡು ತನ್ನ ಅಕ್ಷದ ಸುತ್ತ ತಿರುಗುತ್ತ ಹೊರಟು ನೇರದಾರಿ ಹಿಡಿಯುತ್ತದೆ. ಆದರೆ ತಿರುಗಬೇಕಾದರೆ ಗುಂಡು ಗೀರುಗಳನ್ನು ಬಿಗಿಯಾಗಿ ಕಚ್ಚಬೇಕು. ಬಿಗಿಯಾದ ಗುಂಡನ್ನು ನಳಿಗೆಯ ಬಾಯಿಂದ ತುರುಕುವುದು ನಿಧಾನದ, ಬಳಲಿಸುವ ಕೆಲಸ. ತುಂಬುವಾಗ ಸಡಿಲವಾಗಿದ್ದು ಸಿಡಿಯುವಾಗ ಬಿಗಿಯಾಗುವ ಗುಂಡು ಬೇಕಾಗಿತ್ತು. ಜಾನ್ ನಾರ್ಟನ್ ಎಂಬ ಬ್ರಿಟಿಷ್ ಅಧಿಕಾರಿ 1820ರ ದಶಕದಲ್ಲಿ ಇದಕ್ಕೊಂದು ದಾರಿ ಕಂಡ. ದಕ್ಷಿಣ ಭಾರತದಲ್ಲಿ ಊದುಕೊಳವೆಯ ಬಾಣದ ಬುಡಕ್ಕೆ ಕಟ್ಟಿದ ಮೆದುವಾದ ಬೆಂಡು ಊದಿದಾಗ ಹಿಗ್ಗಿ ಕೊಳವೆಯನ್ನು ಮುಚ್ಚುವುದನ್ನು ನೋಡಿ ಅವನಿಗೆ ಅದು ಹೊಳೆಯಿತೆಂಬ ಹೇಳಿಕೆ ಬಂದೂಕಿನ ಇತಿಹಾಸ ಗ್ರಂಥಗಳಲ್ಲಿ ಬಂದಿದೆ. ಬುಡ ಪೊಳ್ಳಾಗಿರುವ ಸೀಸದ ಗುಂಡಿನ ಹಿಂದೆ ಮದ್ದಿನ ಅನಿಲ ಒತ್ತಿದಾಗ ಅದರ ಅಂಚು ಹೊರಕ್ಕೆ ಅರಳಿ ಗೀರುಗಳಿಗೆ ಅಂಟಿಕೊಳ್ಳುತ್ತದೆ. ಫ್ರಾನ್ಸಿನ ಮಿನಿಯೆ 1849ರ ಹೊತ್ತಿಗೆ ಇದನ್ನು ಸೈನ್ಯದ ಬಳಕೆಗೆ ತಂದ. 1853ರ ಎನ್‌ಫೀಲ್ಡ್ ಬಂದೂಕಿನದೂ ಇದೇ ತತ್ತ್ವ. ಅದರ ಕಾಗದದ ತೋಟಾಕ್ಕೆ ಸವರಿದ ಕೊಬ್ಬಿನ ಕಥೆ 1857ರ ಸಿಪಾಯಿ ದಂಗೆಯ ಕಾರಣದಿಂದ ಎಲ್ಲರಿಗೂ ಗೊತ್ತಿರುವುದೇ. ಕೊಬ್ಬು ಸವರುವುದಕ್ಕೂ ರಸಾಯನವಿಜ್ಞಾನದ ಕಾರಣವಿತ್ತು: ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಪೊಟ್ಯಾಸಿಯಂ ಲವಣಗಳ ಕಿಟ್ಟವಾಗಿ ಉಳಿಯುತ್ತದೆ, ಆ ಕಿಟ್ಟ ನಳಿಗೆಯಲ್ಲಿ ಗಟ್ಟಿಯಾಗದಂತೆ ಜಿಡ್ಡು ತಡೆಯುತ್ತದೆ.

ರಿವಾಲ್ವರ್ ಬಂದದ್ದು ಇದೇ ಕಾಲದಲ್ಲಿ. ಲಂಡನ್ನಿನ ರಾಬರ್ಟ್ ಆಡಮ್ಸ್ 1851ರಲ್ಲಿ ಹಕ್ಕುಪತ್ರ ಪಡೆದ ಕೈಬಂದೂಕಿನಲ್ಲಿ ಚೌಕಟ್ಟು ಮತ್ತು ನಳಿಗೆ ಒಂದೇ ಕಬ್ಬಿಣದ ತುಂಡಿನಿಂದಾಗಿದ್ದು, ಐದು ಗೂಡುಗಳಿರುವ ಉರುಳೆಯೊಂದು ಕುದುರೆಯನ್ನು ಎಳೆದಾಗಲೆಲ್ಲ ಒಂದು ಗೂಡಿನಷ್ಟು ತಿರುಗುತ್ತಿತ್ತು. ಫ್ರೆಡರಿಕ್ ಬ್ಯೂಮಂಟ್ ಎಂಬ ಸೈನಿಕ ಎಂಜಿನಿಯರ್ ಇದನ್ನು ಸುಧಾರಿಸಿದ ಬಳಿಕ ಬ್ರಿಟಿಷ್ ಸೈನ್ಯ 1856ರಲ್ಲಿ ಬ್ಯೂಮಂಟ್-ಆಡಮ್ಸ್ ಮಾದರಿಯನ್ನು ಸ್ವೀಕರಿಸಿತು. ಆದರೂ ಭಾರತಕ್ಕೆ ಬರುವ ಅಧಿಕಾರಿಗಳು ಆಡಮ್ಸ್, ಟ್ರಾಂಟರ್, ಕೋಲ್ಟ್ ಮೊದಲಾದವುಗಳಲ್ಲಿ ತಮಗೆ ಒಪ್ಪಿದ್ದನ್ನು ಸ್ವಂತ ಹಣದಿಂದ ಕೊಳ್ಳುವುದೇ ರೂಢಿಯಾಗಿತ್ತು. ಮಖಮಲ್ಲು ಹೊದಿಸಿದ ಮರದ ಪೆಟ್ಟಿಗೆಯಲ್ಲಿ ಆಯುಧದ ಜೊತೆಗೆ ಮದ್ದಿನ ಬುರುಡೆ, ಮದ್ದಿಗೆ ಕಿಡಿ ಹೊತ್ತಿಸುವ ಕ್ಯಾಪುಗಳ ಡಬ್ಬಿ, ಮತ್ತು ಇಕ್ಕಳದಂತೆ ತೆರೆದುಕೊಳ್ಳುವ ಒಂದು ಗುಂಡಿನ ಅಚ್ಚು ಇರುತ್ತಿದ್ದವು. ಮದ್ದು, ಕ್ಯಾಪುಗಳನ್ನು ಪೇಟೆಯಿಂದ ತರಿಸಬೇಕಾಗಿದ್ದರೂ, ಪ್ರತಿ ರಿವಾಲ್ವರಿಗೂ ಅದರದೇ ಅಳತೆಯ ಗುಂಡು ಬೇಕಾಗಿದ್ದರಿಂದ ಅದನ್ನು ಒಡೆಯನೇ ಎರೆದುಕೊಳ್ಳಬೇಕೆಂಬುದು ತಯಾರಕರ ನಿರೀಕ್ಷೆ.

ಮಕ್ತಲಿನಿಂದ ಪಶ್ಚಿಮಕ್ಕೆ, ಭೀಮೆಯನ್ನು ದಾಟಿದರೆ ಸಿಗುವ ಸುರಪುರದ ಇತಿಹಾಸದಲ್ಲಿ ಇಂಥದೊಂದು ಆಯುಧಕ್ಕೆ ದುಃಖದ ಸ್ಥಾನವಿದೆ. ವಾಗಣಗೇರಿಯ ನಾಯಕರ ವಂಶದ ರಾಜಾ ವೆಂಕಟಪ್ಪ ನಾಯಕ 1858ರ ಫೆಬ್ರವರಿಯಲ್ಲಿ ಬ್ರಿಟಿಷರ ವಿರುದ್ಧ ನಿಂತ. ಊರ ಹೊರಗಿನ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಹೆಚ್ಚಿನ ಸೈನ್ಯ ಬರುವ ಸುದ್ದಿ ತಿಳಿದು ಹೈದರಾಬಾದಿಗೆ ಹೋದ ರಾಜ ಅಲ್ಲಿ ಸಿಕ್ಕಿಬಿದ್ದು, ವಿಚಾರಣೆಗೊಳಗಾಗಿ, ಕೊನೆಗೆ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷಗಳ ಸೆರೆವಾಸಕ್ಕೆ ಕಳುಹಿಸಲ್ಪಟ್ಟ. ದಾರಿಯ ಬಿಡಾರದಲ್ಲಿ, ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿನಿಂದ ಅವನ ಪ್ರಾಣ ಹೋಯಿತು. ಅದು ಆತ್ಮಹತ್ಯೆ ಎಂದು, ರಾಜನ ಬಾಲ್ಯದಲ್ಲಿ ಸುರಪುರದ ಆಡಳಿತ ನೋಡಿಕೊಂಡಿದ್ದ ಫಿಲಿಪ್ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಬಂದೂಕಿನ ಕಾಳಗಕ್ಕೆ ಹೆಸರಾದ ಒಂದು ಮನೆತನದ ಸ್ವತಂತ್ರ ಚರಿತ್ರೆ ಹೀಗೆ ಕೆಲವೇ ಗ್ರಾಂ ತೂಕದ ಸೀಸದಿಂದ ಮುಗಿದದ್ದು ಯಾರನ್ನಾದರೂ ಕಲಕುವ ಸಂಗತಿ. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟರು. 1853ರಿಂದ ತಮ್ಮ ವಶದಲ್ಲಿಟ್ಟುಕೊಂಡಿದ್ದ ರಾಯಚೂರು ದೋಆಬನ್ನೂ, ಅಂದರೆ ಎಡೆದೊರೆಯ ನೆಲವನ್ನೂ, ಆಗಲೇ ಹಿಂದಿರುಗಿಸಿದರು.

ಎರಕದ ಕೆಲಸವನ್ನು ಹತ್ತಿರದಿಂದ ನೋಡಿದರೆ ಅದರಲ್ಲಿ ಅಡಗಿರುವ ಲೋಹವಿಜ್ಞಾನ ಕಾಣುತ್ತದೆ. ಕರಗಿದ ಸೀಸದ ಮೈ ಮೊದಲು ಕನ್ನಡಿಯಂತೆ ಹೊಳೆದು, ಕ್ಷಣಾರ್ಧದಲ್ಲಿ ಬೂದುಬಣ್ಣದ ತೆಳುಪೊರೆಯಿಂದ ಮುಚ್ಚಿಹೋಗುತ್ತದೆ. ಶಾಖ ಹೆಚ್ಚಾದರೆ ಆ ಪೊರೆಯ ಮೇಲೆ ಹಳದಿ, ನೀಲಿ, ನೇರಳೆ ಛಾಯೆಗಳು ಆಡುತ್ತವೆ. ಗಾಳಿಯ ಆಮ್ಲಜನಕದೊಡನೆ ಸೀಸ ಸೇರಿ ಆಗುವ ಆಕ್ಸೈಡ್ ಅದು. ಎರಕದವರು ಅದರೊಳಕ್ಕೆ ಚೂರು ಜೇನುಮೇಣವನ್ನೋ ರಾಳವನ್ನೋ ಹಾಕಿ ಕಲಕುವುದು, ಅದರ ಇಂಗಾಲ ಆಕ್ಸೈಡಿನ ಆಮ್ಲಜನಕವನ್ನು ಕಸಿದುಕೊಂಡು ಸೀಸವನ್ನು ಮರಳಿಸುವುದರಿಂದ. ತಣ್ಣಗಿರುವ ಅಚ್ಚಿಗೆ ಹೊಯ್ದ ಲೋಹ ಗೋಡೆಗೆ ತಗುಲಿದೊಡನೆ ಹೆಪ್ಪುಗಟ್ಟುವುದರಿಂದ ಮೊದಲ ಕೆಲವು ಗುಂಡುಗಳ ಮೈ ಸುಕ್ಕಾಗಿ ಬರುತ್ತದೆ. ಅವು ಮತ್ತೆ ಸೌಟಿಗೇ ಹೋಗುತ್ತವೆ. ಅಚ್ಚು ಹದವಾಗಿ ಬಿಸಿಯಾದ ಮೇಲೆ ಬರುವ ಗುಂಡು ನುಣುಪಾಗಿಯೂ, ಅಂಚು ಚೂಪಾಗಿಯೂ ಇರುತ್ತದೆ. ಇನ್ನೂ ಬಿಸಿಯಾದರೆ ಮೈಮೇಲೆ ಮಂಜು ಕವಿದಂತಹ ಬಿಳುಪು ಬರುತ್ತದೆ.

ದ್ರವ ಸೀಸ ಘನವಾಗುವಾಗ ಅದರ ಗಾತ್ರ ಶೇಕಡಾ ಮೂರಕ್ಕೂ ಹೆಚ್ಚು ಕುಗ್ಗುತ್ತದೆ. ಹೊರಗಿನ ಪದರ ಮೊದಲು ಗಟ್ಟಿಯಾಗಿ, ಒಳಗಿನದು ಆಮೇಲೆ ಕುಗ್ಗಿದರೆ ನಡುವೆ ಪೊಳ್ಳು ಉಳಿದುಬಿಡುತ್ತದೆ. ಅದನ್ನು ತಡೆಯಲು ಅಚ್ಚಿನ ಬಾಯಲ್ಲಿ ಸ್ವಲ್ಪ ಹೆಚ್ಚುವರಿ ಲೋಹ ನಿಲ್ಲುವಂತೆ ಹೊಯ್ಯುತ್ತಾರೆ, ಕುಗ್ಗುವ ಗುಂಡು ಆ ಲೋಹವನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ, ಉಳಿದ ಬಾಲವನ್ನು ಕತ್ತರಿಸಿ ತೆಗೆಯಲಾಗುತ್ತದೆ. ಪೊಳ್ಳಿರುವ ಗುಂಡಿನ ತೂಕದ ಕೇಂದ್ರ ಅದರ ನಡುವಿನಲ್ಲಿರದೆ ಒಂದು ಪಕ್ಕಕ್ಕೆ ಸರಿದಿರುವುದರಿಂದ, ತಿರುಗುತ್ತ ಹೊರಟಾಗ ಅದು ತೊನೆದಾಡಿ ಗುರಿ ತಪ್ಪುತ್ತದೆ. ಕಣ್ಣಿಗೆ ಕಾಣದ ಈ ದೋಷವನ್ನು ಗುಂಡುಗಳನ್ನು ಒಂದೊಂದಾಗಿ ತೂಗಿ, ಹಗುರವಾದುದನ್ನು ಬೇರ್ಪಡಿಸಿ ಪತ್ತೆಹಚ್ಚುತ್ತಾರೆ.

ಶುದ್ಧ ಸೀಸ ಉಗುರಿನ ಗೀರಿಗೂ ಸೋಲುವಷ್ಟು ಮೆದು. ಅದಕ್ಕೆ ಸ್ವಲ್ಪ ತವರ ಬೆರೆಸಿದರೆ ದ್ರವದ ಮೇಲಿನ ಪೊರೆಯ ಬಿಗಿ ಸಡಿಲಗೊಂಡು ಅಚ್ಚಿನ ಮೂಲೆಮೂಲೆಗೂ ಲೋಹ ಹರಿಯುತ್ತದೆ. ಆಂಟಿಮನಿ ಬೆರೆಸಿದರೆ ಗಡಸುತನ ಎರಡು ಮೂರು ಪಟ್ಟು ಏರುತ್ತದೆ, ಕುಗ್ಗುವಿಕೆಯೂ ತಗ್ಗುತ್ತದೆ. ಈ ಮೂರು ಲೋಹಗಳ ಬೆರಕೆಯೇ ಅಚ್ಚುಕೂಟದ ಮೊಳೆಗಳ ಲೋಹವೂ ಆಗಿದ್ದು, ಕನ್ನಡದ ಪುಸ್ತಕಗಳು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಮುದ್ರಣಗೊಂಡದ್ದು ಅದರಿಂದಲೇ. ಅಕ್ಷರದ ಮೊನೆ ಅಚ್ಚಿನಲ್ಲಿ ಮೊಂಡಾಗದೆ ಮೂಡಲು ಬೇಕಾದ ಗುಣವೂ ಗುಂಡಿನ ಅಂಚು ಚೂಪಾಗಿ ಮೂಡಲು ಬೇಕಾದ ಗುಣವೂ ಒಂದೇ.

ಆದರೆ ಗಡಸು ಎಲ್ಲ ಕಡೆಗೂ ಸಲ್ಲದು. 1887ರಲ್ಲಿ ಬ್ರಿಟಿಷ್ ಸೈನ್ಯ ಸ್ವೀಕರಿಸಿದ ವೆಬ್ಲಿ ರಿವಾಲ್ವರಿನ ವಂಶಜಗಳು ಭಾರತದ ಸೈನ್ಯಾಧಿಕಾರಿಗಳ, ಪೊಲೀಸ್ ಅಧಿಕಾರಿಗಳ ಸೊಂಟದಲ್ಲಿ ದಶಕಗಳ ಕಾಲ ಇದ್ದವು. ಅವುಗಳಲ್ಲಿ ಬಳಸಿದ ಗುಂಡು 265 ಗ್ರೇನ್, ಅಂದರೆ ಸುಮಾರು 17 ಗ್ರಾಂ ತೂಕದ, ಬುಡ ಪೊಳ್ಳಾದ, ಮೆದುವಾದ ಸೀಸದ್ದು. ಈ ರಿವಾಲ್ವರುಗಳಲ್ಲಿ ಹಲವುಗಳ ಉರುಳೆಯ ಗೂಡಿನ ಬಾಯಿ ನಳಿಗೆಯ ಗೀರುಗಳ ತಳಕ್ಕಿಂತ ಕಿರಿದಾಗಿದೆ. ಗಡಸಾದ ಗುಂಡು ಆ ಕಿರಿದಾದ ಬಾಯಲ್ಲಿ ಹಿಸುಕಿಹೋಗಿ ಸಣ್ಣದಾದರೆ ನಳಿಗೆಯಲ್ಲಿ ಸಡಿಲವಾಗಿ, ಪಕ್ಕದಿಂದ ಅನಿಲ ಸೋರಿ, ತಿರುಗದೆಯೇ ಹೊರಬೀಳುತ್ತದೆ. ಮೆದುವಾದ ಪೊಳ್ಳು ಗುಂಡು ಹಿಸುಕಿದ ಮೇಲೂ ಅನಿಲದ ಒತ್ತಡಕ್ಕೆ ಮತ್ತೆ ಅರಳಿ ಗೀರುಗಳನ್ನು ಕಚ್ಚುತ್ತದೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ಕಾನೂನಿನ ಅನುಮತಿಯೊಡನೆ ಹಳೆಯ ವೆಬ್ಲಿಗಳಿಗೆ ತಾವೇ ಗುಂಡು ಎರೆದು ತೋಟಾ ತುಂಬುವ ಹವ್ಯಾಸಿಗಳು ಮೊದಲು ಎದುರಿಸುವ ತೊಡಕು ಇದೇ. ಅದಕ್ಕಿಂತ ದೊಡ್ಡ ಅಪಾಯ ಆಯುಧದ ವಯಸ್ಸಿನಲ್ಲಿದೆ: ಕರಿಮದ್ದಿನ ಕಾಲದ ಉರುಳೆಗಳು ಕಿಟ್ಟದ ಎಳೆಗಳು ಉಳಿದಿರುವ ಮೆತುಕಬ್ಬಿಣದಿಂದಲೋ ಆರಂಭಕಾಲದ ಉಕ್ಕಿನಿಂದಲೋ ಆದವು, ಹೊಗೆರಹಿತ ಆಧುನಿಕ ಮದ್ದಿನ ಒತ್ತಡ ಅವುಗಳನ್ನು ಹಿಡಿದವನ ಕೈಯಲ್ಲೇ ಸೀಳಬಲ್ಲುದು.

ಹಿತ್ತಾಳೆಯ ತೋಟಾ ಬಂದ ಮೇಲೆ ಗುಂಡಿನ ಕೆಲಸ ಒಲೆಯಿಂದ ಕಾರ್ಖಾನೆಗೆ ಹೋಯಿತು. ಪುಣೆಯ ಬಳಿಯ ಖಡಕಿಯಲ್ಲಿ 1869ರಲ್ಲೇ ಮದ್ದುಗುಂಡಿನ ಕಾರ್ಖಾನೆ ಆರಂಭವಾಗಿತ್ತು. ಜನರ ಕೈಯಲ್ಲಿನ ಬಂದೂಕುಗಳಿಗೆ ಅಂಜಿದ್ದ ಸರ್ಕಾರ ಬ್ರಿಟಿಷ್ ಭಾರತಕ್ಕಾಗಿ 1878ರಲ್ಲಿ ಆಯುಧ ಕಾಯಿದೆ ತಂದಾಗ, ಬಂದೂಕು ಮದ್ದುಗಳ ಜೊತೆಗೆ ಸೀಸ, ಗಂಧಕ, ಪೆಟ್ಲುಪ್ಪುಗಳನ್ನೂ ಬೇಕಾದಲ್ಲಿ ಅಂಕೆಗೆ ಒಳಪಡಿಸುವ ಅಧಿಕಾರವನ್ನು ಅದರಲ್ಲಿ ಸೇರಿಸಿತು. ಒಲೆಯ ಮೇಲೆ ಕರಗುವ ಲೋಹವನ್ನು ಕಾಯದೆ ಗುಂಡನ್ನು ಕಾಯಲಾಗದೆಂದು ಆ ಕಾಯಿದೆ ಬರೆದವರಿಗೆ ಚೆನ್ನಾಗಿ ತಿಳಿದಿತ್ತು. ಈಗ ದೇಶಕ್ಕೆಲ್ಲ ಅನ್ವಯಿಸುವ 1959ರ ಆಯುಧ ಕಾಯಿದೆಯಲ್ಲಿ ಮದ್ದುಗುಂಡಿನ ಬಿಡಿಭಾಗಗಳು, ಅದನ್ನು ತಯಾರಿಸುವ ಯಂತ್ರೋಪಕರಣಗಳು, ಸರ್ಕಾರ ಸೂಚಿಸಿದ ಮೂಲವಸ್ತುಗಳು ಎಲ್ಲವೂ ಮದ್ದುಗುಂಡು ಎಂಬ ವ್ಯಾಖ್ಯೆಯಲ್ಲೇ ಬರುತ್ತವೆ. ಪರವಾನಗಿಯಿಲ್ಲದೆ ಅದನ್ನು ತಯಾರಿಸುವುದು ಅಪರಾಧ.

ಕಾನೂನು ಒಂದು ಕಡೆಯಿರಲಿ, ಸೀಸ ತನ್ನನ್ನು ಎರೆಯುವವನ ಮೈಯನ್ನೂ ಬಿಡುವುದಿಲ್ಲ. ಅದರ ಕುದಿಬಿಂದು 1,749 ಡಿಗ್ರಿಯಾದ್ದರಿಂದ ಎರಕದ ಶಾಖದಲ್ಲಿ ಆವಿಯಾಗುವುದು ಅತ್ಯಲ್ಪ. ನಿಜವಾದ ಅಪಾಯ ಮೇಲೆ ತೇಲುವ ಬೂದುಬಣ್ಣದ ಆಕ್ಸೈಡಿನ ಧೂಳು. ಅದು ಬೆರಳಿನಿಂದ ಊಟಕ್ಕೂ, ಬಟ್ಟೆಯಿಂದ ಮನೆಯ ನೆಲಕ್ಕೂ, ನೆಲದಿಂದ ಅಂಬೆಗಾಲಿಡುವ ಮಗುವಿನ ಬಾಯಿಗೂ ಹೋಗುತ್ತದೆ. ದೇಹ ಸೀಸವನ್ನು ಕ್ಯಾಲ್ಸಿಯಂ ಎಂದು ತಪ್ಪು ತಿಳಿದು ಎಲುಬಿನಲ್ಲಿ ಸೇರಿಸಿಟ್ಟುಕೊಳ್ಳುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು ಒಂದು ತಿಂಗಳು ಸಾಕಾದರೆ, ಎಲುಬಿನಲ್ಲಿ ದಶಕಗಳೇ ಬೇಕು. ಮಕ್ಕಳ ಮಿದುಳಿಗೆ ಸೀಸದ ಇಂಥ ಪ್ರಮಾಣ ಸುರಕ್ಷಿತ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗುಂಡಿನ ಎರಕ ನಿಂತುಹೋದರೂ ಹಳೆಯ ಬ್ಯಾಟರಿಗಳನ್ನು ಒಡೆದು ಬಯಲಲ್ಲಿ ಸೀಸ ಕರಗಿಸುವ ಕಸುಬು ದೇಶದ ಹಲವೆಡೆ ನಡೆದೇ ಇದೆ. ಇದು ನಿಲ್ಲಲೇಬೇಕಾದ ಕೆಲಸ.

ಭೂತಕಾಲದ ಸೀಸಕ್ಕೆ ಮಾತ್ರ ಇನ್ನೊಂದು ಬೆಲೆಯಿದೆ. ಸೀಸದ ನಾಲ್ಕು ಸ್ಥಿರ ಸಮಸ್ಥಾನಿಗಳಲ್ಲಿ ಮೂರು, ಯುರೇನಿಯಂ ಮತ್ತು ಥೋರಿಯಂಗಳ ವಿಕಿರಣ ಕ್ಷಯದಿಂದ ಭೂಮಿಯಲ್ಲಿ ನಿಧಾನವಾಗಿ ಹೆಚ್ಚುತ್ತ ಬಂದಿವೆ. ಅವುಗಳ ಪರಸ್ಪರ ಪ್ರಮಾಣ ಗಣಿಯಿಂದ ಗಣಿಗೆ ಬೇರೆಯಾಗಿದ್ದು, ಕರಗಿಸಿ ಎರೆದರೂ ಬದಲಾಗುವುದಿಲ್ಲ. ಆದ್ದರಿಂದ ಒಂದು ಹಳೆಯ ಗುಂಡಿನ ಚೂರನ್ನು ಪರೀಕ್ಷಿಸಿದರೆ ಅದರ ಸೀಸ ರಾಜಸ್ಥಾನದ ಝಾವರ್ ಗಣಿಯದೋ ಯೂರೋಪಿನಿಂದ ಹಡಗಿನಲ್ಲಿ ಬಂದದ್ದೋ ಎಂಬುದಕ್ಕೆ ಸುಳಿವು ಸಿಗುತ್ತದೆ. ಗುಂಡುಗಳು ಬಿದ್ದ ಜಾಗಗಳೂ ಅಷ್ಟೇ ಮಾತಾಡುತ್ತವೆ: ಅಮೆರಿಕದ ಲಿಟಲ್ ಬಿಗ್‌ಹಾರ್ನ್ ಬಯಲಿನಲ್ಲಿ 1984ರಿಂದ ಪುರಾತತ್ತ್ವಜ್ಞರು ಪ್ರತಿ ಗುಂಡು ಮತ್ತು ತೋಟಾ ಸಿಕ್ಕ ಸ್ಥಳವನ್ನು ನಕ್ಷೆಯಲ್ಲಿ ಗುರುತಿಸಿ, 1876ರ ಕಾಳಗದಲ್ಲಿ ಯಾರು ಎಲ್ಲಿಂದ ಎಲ್ಲಿಗೆ ಸರಿದರೆಂಬುದನ್ನು ಮತ್ತೆ ಕಟ್ಟಿಕೊಟ್ಟರು. 1520ರ ಕಾಳಗದ ಕೃಷ್ಣಾ ದಂಡೆಗೂ, ವಾಗಣಗೇರಿಯ ಗುಡ್ಡಗಳಿಗೂ, ಗದ್ವಾಲದ ಕೋಟೆಯ ಸುತ್ತಣ ಹೊಲಗಳಿಗೂ ಅಂಥ ಅಧ್ಯಯನ ಸಲ್ಲಬೇಕು. ನೇಗಿಲ ಸಾಲಿನಲ್ಲಿ ಬಿಳಿಬೂದಿ ಬಣ್ಣ ಹಿಡಿದ ಭಾರವಾದ ಗುಂಡೋ, ಅಟ್ಟದ ಮೇಲೆ ಅಜ್ಜನ ಕಾಲದ ಅಚ್ಚೋ ಕಂಡವರು ಅದನ್ನು ಗುಜರಿಗೆ ಹಾಕಬಾರದು, ಕರಗಿಸಬಾರದು. ಮುಟ್ಟಿದ ಕೈಯನ್ನು ಸಾಬೂನು ಹಚ್ಚಿ ತೊಳೆದು, ಸಿಕ್ಕ ಜಾಗವನ್ನು ಗುರುತುಹಾಕಿ ಬರೆದಿಟ್ಟು, ತಹಶೀಲ್ದಾರರ ಕಚೇರಿಗೋ ರಾಜ್ಯದ ಪುರಾತತ್ತ್ವ ಇಲಾಖೆಗೋ ತಿಳಿಸಬೇಕು.